ಅರ್ಧ ದಾರಿಯಿಂದ ಮರಳಿದಾಗ



ನಾಳೆಯ ಬಗ್ಗೆ ಮಾತಾಡುವಾಗ ನಾವು ‘ಇನ್‌ಶಾ ಅಲ್ಲಾಹ್’ ಎನ್ನುತ್ತೇವೆ. ಅಲ್ಲಾಹನು ಇಚ್ಛಿಸಿದರೆ ಎಂದು ಅದರ ಅರ್ಥ. ನಾಲಿಗೆಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ನಮ್ಮ ಯೋಜನೆ ಮುರಿದು ಬೀಳುವ ದಿನದವರೆಗೂ ಆ ಮಾತಿನ ಭಾರ ನಮಗೆ ತಿಳಿಯುವುದಿಲ್ಲ.

ಕಾಪುವಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗ ಮಣಿಪಾಲದಲ್ಲಿ ಓದಿದವನು. ವಿದೇಶದಲ್ಲಿ ಒಂದು ವರ್ಷ ಕಲಿಯುತ್ತಾ, ಅಲ್ಲಿನ ಮಕ್ಕಳಿಗೆ ಪಾಠ ಹೇಳುವ ಅವಕಾಶ ಅವನಿಗೆ ಸಿಕ್ಕಿತು. ಉಮ್ಮ ತಮ್ಮ ಬಳೆಗಳನ್ನು ಮಾರಿದರು. ಕಾರ್ಕಳದ ಮಾವ ಕೈಸಾಲ ಕೊಟ್ಟರು. ನೆಂಟರೆಲ್ಲ ಬಂದು ಬೀಳ್ಕೊಟ್ಟರು. ಮೂರೇ ತಿಂಗಳಲ್ಲಿ ಆ ತರಬೇತಿಯೇ ನಿಂತುಹೋಯಿತು. ಹೋದ ಪೆಟ್ಟಿಗೆಯೊಂದಿಗೇ ಮಗ ಉಡುಪಿ ಬಸ್ ನಿಲ್ದಾಣದಲ್ಲಿ ಬಂದಿಳಿದ. ಈಗ ಅವನು ಕೋಣೆಯಿಂದ ಹೊರಗೆ ಬರುತ್ತಿಲ್ಲ. ಜುಮಾ ನಮಾಝ್ ಮುಗಿದೊಡನೆ ಯಾರ ಮುಖವನ್ನೂ ನೋಡದೆ ಮನೆಗೆ ಓಡುತ್ತಾನೆ.

ಈ ಮನೆ ಕಲ್ಪನೆಯದು. ಆದರೆ ಈ ನೋವು ನಮ್ಮ ಕರಾವಳಿಗೆ ಹೊಸತಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಲಕ್ಷಕ್ಕೂ ಮಿಕ್ಕಿ ಭಾರತೀಯರು ದುಡಿಮೆಯನ್ನೂ ಉಳಿತಾಯವನ್ನೂ ಬಿಟ್ಟು ಮರಳಬೇಕಾಯಿತು. 2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ವಿಮಾನ ಸಂಚಾರವೇ ನಿಂತಿತು. ಹೊರದೇಶದಲ್ಲಿ ಸಿಲುಕಿದ್ದವರನ್ನು ಹೊತ್ತ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಬಂದದ್ದು ಮೇ 12ರಂದು. 2022ರ ಫೆಬ್ರವರಿ 24ರಂದು ಉಕ್ರೇನಿನಲ್ಲಿ ಯುದ್ಧ ಆರಂಭವಾದಾಗ ಸಾವಿರಾರು ವೈದ್ಯಕೀಯ ವಿದ್ಯಾರ್ಥಿಗಳು ಓದನ್ನು ಅರ್ಧಕ್ಕೆ ಬಿಟ್ಟು ಬಂದರು. ಅವರಲ್ಲಿ ಉಡುಪಿ ಜಿಲ್ಲೆಯವರೂ ಇದ್ದರು.

ಹೀಗೆ ಮರಳಿದವರಿಗೆ ನಾವು ಏನು ಹೇಳಬೇಕು? ‘ಎಲ್ಲ ಒಳ್ಳೆಯದಾಗುತ್ತದೆ’ ಎಂಬ ಒಣ ಮಾತು ಸಾಲದು. ಪ್ರವಾದಿವರ್ಯರ(ಸ) ಜೀವನದಲ್ಲೇ ಅರ್ಧಕ್ಕೆ ನಿಂತ ಒಂದು ಯಾತ್ರೆಯಿದೆ. ಅದನ್ನು ನೆನಪಿಸಿಕೊಳ್ಳೋಣ.

ಹಿಜರಿ 6ನೇ ವರ್ಷ. ಸುಮಾರು 1400 ಸಹಾಬಿಗಳೊಂದಿಗೆ ಪ್ರವಾದಿ(ಸ) ಉಮ್ರಾಕ್ಕಾಗಿ ಮದೀನಾದಿಂದ ಹೊರಟರು. ಮಕ್ಕಾ ಇನ್ನೇನು ಹತ್ತಿರವಾಯಿತು ಎನ್ನುವಾಗ ಹುದೈಬಿಯಾದಲ್ಲಿ ತಡೆ ಬಂತು. ಈ ವರ್ಷ ಮರಳಿ ಹೋಗಿ, ಮುಂದಿನ ವರ್ಷ ಬನ್ನಿ ಎಂಬ ಷರತ್ತಿನ ಮೇಲೆ ಒಪ್ಪಂದವಾಯಿತು. ಸಹಾಬಿಗಳ ಮನಸ್ಸು ಕುಸಿಯಿತು. ಹಝ್ರತ್ ಉಮರ್‌ರಂಥವರಿಗೇ(ರ) ಅದನ್ನು ನುಂಗಲು ಕಷ್ಟವಾಯಿತು. ಎದ್ದು ಬಲಿ ನೀಡಿ, ತಲೆ ಬೋಳಿಸಿಕೊಳ್ಳಿರಿ ಎಂದು ಪ್ರವಾದಿ(ಸ) ಮೂರು ಬಾರಿ ಹೇಳಿದರೂ ಯಾರೂ ಕದಲಲಿಲ್ಲ. ಆಗ ಪತ್ನಿ ಹಝ್ರತ್ ಉಮ್ಮು ಸಲಮಾ(ರ) ಒಂದು ಸಲಹೆ ಕೊಟ್ಟರು. ಯಾರೊಡನೆಯೂ ಮಾತಾಡದೆ ತಾವೇ ಮೊದಲು ಬಲಿ ನೀಡಿ, ತಲೆ ಬೋಳಿಸಿಕೊಳ್ಳಬೇಕು ಎಂದರು. ಪ್ರವಾದಿ(ಸ) ಹಾಗೆಯೇ ಮಾಡಿದರು. ಅದನ್ನು ಕಂಡು ಎಲ್ಲರೂ ಎದ್ದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವರು ಆ ಕೆಲಸಗಳನ್ನು ಮಾಡಿದ್ದು ತಲುಪಬೇಕಾಗಿದ್ದ ಜಾಗದಲ್ಲಲ್ಲ, ತಡೆಯಲ್ಪಟ್ಟ ಜಾಗದಲ್ಲಿ. ಬಾಗಿಲು ಮುಚ್ಚಿದೆಯೆಂದು ಕರ್ತವ್ಯವನ್ನು ಬಿಡಲಿಲ್ಲ. ಮದೀನಾಕ್ಕೆ ಮರಳುವ ದಾರಿಯಲ್ಲೇ ಸೂರಾ ಅಲ್-ಫತ್‌ಹ್ ಅವತೀರ್ಣವಾಯಿತು. ಸೋಲೆಂದು ಕಂಡದ್ದನ್ನು ಅಲ್ಲಾಹನು ಅದರ ಮೊದಲ ಸೂಕ್ತದಲ್ಲೇ ಸ್ಪಷ್ಟ ವಿಜಯವೆಂದು ಕರೆದನು. ಮರುವರ್ಷ ಅವರು ಉಮ್ರಾ ನಿರ್ವಹಿಸಿದರು. ಹಿಜರಿ 8ರಲ್ಲಿ ಮಕ್ಕಾ ಅವರಿಗೆ ತೆರೆಯಿತು.

ಪ್ರಿಯ ಯುವಕನೇ, ನೀನು ಕಲಿಸಲೆಂದು ಹೊರಟಿದ್ದೆ. ಆ ದೇಶದ ಬಾಗಿಲು ಮುಚ್ಚಿತು, ಕಲಿಸುವ ಬಾಗಿಲು ಮುಚ್ಚಿತೇ? ನಿನ್ನ ಮಸೀದಿಯ ಹಿಂದಿನ ಓಣಿಯಲ್ಲೇ ಗಣಿತಕ್ಕೆ ಹೆದರುವ ಹತ್ತನೇ ತರಗತಿಯ ಮಕ್ಕಳಿದ್ದಾರೆ. ಅಸರ್ ಮತ್ತು ಮಗ್ರಿಬ್‌ನ ನಡುವೆ ಒಂದು ಗಂಟೆ ಅವರೊಡನೆ ಕುಳಿತುಕೋ. ಪ್ರಯಾಣದಿಂದಲೋ ಕಾಯಿಲೆಯಿಂದಲೋ ರೂಢಿಯ ಸತ್ಕರ್ಮ ತಪ್ಪಿದವನಿಗೂ ಅದರ ಪುಣ್ಯ ದಾಖಲಾಗುತ್ತದೆಂದು ಹದೀಸ್‌ನಲ್ಲಿದೆ. ನಿನ್ನ ಶುದ್ಧ ಉದ್ದೇಶವನ್ನು ಅಂಥ ಪ್ರಭು ವ್ಯರ್ಥಗೊಳಿಸುವನೇ?

ಮಲ್ಪೆಯ ಬಂದರನ್ನು ನೋಡು. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಮೀನುಗಾರನು ಆ ದಿನಗಳಲ್ಲಿ ಹರಿದ ಬಲೆಯನ್ನು ಸರಿಪಡಿಸುತ್ತಾನೆ. ಕಡಲು ತೆರೆದಾಗ ಬಲೆ ಸಿದ್ಧವಿರುತ್ತದೆ.

ಆದ್ದರಿಂದ ‘ಹಾಗೆ ಮಾಡಿದ್ದರೆ, ಹೀಗೆ ಮಾಡಿದ್ದರೆ’ ಎಂದು ರಾತ್ರಿಯಿಡೀ ಕೊರಗಬೇಡ. ಆ ‘ರೆ’ಯು ಶೈತಾನನಿಗೆ ಬಾಗಿಲು ತೆರೆಯುತ್ತದೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಹಾಗೆಂದು ಕೈಕಟ್ಟಿ ಕೂರುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿದ ಬಳಿಕವೇ ಅಲ್ಲಾಹನ ಮೇಲೆ ಭರವಸೆಯಿಡಬೇಕು. ಮುಗಿಸಿದ ತಿಂಗಳುಗಳಿಗೆ ಪ್ರಮಾಣಪತ್ರ ಕೇಳು. ಕಟ್ಟಿದ ಶುಲ್ಕದಲ್ಲಿ ಮರಳಿ ಬರಬೇಕಾದುದಕ್ಕೆ ಪತ್ರ ಬರೆ. ಉಕ್ರೇನಿನಿಂದ ಬಂದವರಿಗೆ ಇಲ್ಲಿನ ಕಾಲೇಜುಗಳಲ್ಲಿ ಸೀಟು ಸಿಗಲಿಲ್ಲ. ಆದರೂ 2022ರ ಸೆಪ್ಟೆಂಬರ್‌ನಲ್ಲಿ ಬೇರೆ ದೇಶಗಳಲ್ಲಿ ಓದು ಮುಂದುವರಿಸಲು ರಾಷ್ಟ್ರೀಯ ವೈದ್ಯಕೀಯ ಆಯೋಗ ಅನುಮತಿಸಿತು. ಕಾಗದಪತ್ರಗಳನ್ನು ಜೋಪಾನವಾಗಿಟ್ಟವರಿಗೆ ಆ ದಾರಿ ಹಿಡಿಯುವುದು ಸುಲಭವಾಯಿತು.

ಇನ್ನು ಹೆತ್ತವರಿಗೆ ಒಂದು ಮಾತು. ಬಳೆ ಹೋದ ಸಂಕಟ ನಿಜ, ಸಾಲವೂ ನಿಜ. ಆದರೆ ಊಟದ ತಟ್ಟೆಯ ಮುಂದೆ ಆ ಲೆಕ್ಕ ತೆಗೆಯಬೇಡಿ. ತಿಂಗಳಿಗೆ ಇಷ್ಟು ಎಂದು ಮಗನೊಡನೆ ಕುಳಿತು ನಿರ್ಧರಿಸಿ, ಮಾವನಿಗೂ ತಿಳಿಸಿ. ಉಮ್ಮು ಸಲಮಾರಂತೆ(ರ) ಮನೆಯಲ್ಲಿ ಒಬ್ಬರಾದರೂ ಹಂಗಿಸದೆ, ಮುಂದಿನ ಹೆಜ್ಜೆ ಯಾವುದೆಂದು ಹೇಳುವವರಿರಲಿ. ನೆರೆಹೊರೆಯವರೇ, ನಿಕಾಹ್‌ನ ಊಟದ ಪಂಕ್ತಿಯಲ್ಲಿ ‘ಯಾಕೆ ಬಂದೆ? ಯಾವಾಗ ಹೋಗುತ್ತೀ?’ ಎಂದು ಕೇಳಬೇಡಿ. ಸಲಾಮ್ ಹೇಳಿ, ಪಕ್ಕದಲ್ಲಿ ಜಾಗ ಕೊಡಿ. ಅದೂ ಒಂದು ದಾನವೇ.

ನಮಗೆ ಅಪ್ರಿಯವಾದುದರಲ್ಲಿ ಒಳಿತಿರಬಹುದು. ಅದನ್ನು ಅಲ್ಲಾಹನು ಬಲ್ಲನು, ನಾವು ಅರಿಯೆವು. ಮುಚ್ಚಿದ ಬಾಗಿಲ ಮುಂದೆ ಕುಳಿತುಬಿಡದೆ, ನಿಂತ ಜಾಗದಲ್ಲೇ ಕರ್ತವ್ಯ ಮಾಡುವ ಶಕ್ತಿಯನ್ನು ಅವನು ನಮ್ಮ ಮಕ್ಕಳಿಗೂ ನಮಗೂ ಕರುಣಿಸಲಿ. ಆಮೀನ್.