ಯಾರು ಅಂತ ಕೇಳೋದು ತಪ್ಪಾ?

ಸಿಂದಗಿಯಲ್ಲಿರೋ ನಮ್ಮ ಕಾಕಾನ ಮಗನಿಗೆ ಒಂದು ಈಮೇಲ್ ಬಂತು. ಪುಣೆಯ ದೊಡ್ಡ ಕಂಪನಿಯೊಂದರ ಹೆಸರು, ಲೋಗೋ, ಕೆಳಗೊಂದು ಸಹಿ. ‘ನೀವು ಆಯ್ಕೆಯಾಗಿದ್ದೀರಿ, ಸಂಜೆ ಆರರೊಳಗೆ ಈ ಲಿಂಕ್ ಒತ್ತಿ ದಾಖಲೆ ಕೊಡಿ.’ ಇವನು ಆ ಕಂಪನಿಗೆ ಅರ್ಜಿಯನ್ನೇ ಹಾಕಿರಲಿಲ್ಲ. ಒತ್ತಬ್ಯಾಡ ಅಂದೆ. ಅವನಿಗೆ ಬೇಜಾರಾಯ್ತು. “ಹಿಂಗ ಎಲ್ಲಾರ ಮ್ಯಾಲೂ ಸಂಶಯ ಪಡಕೋತ ಕುಂತ್ರ ಬದುಕೂದು ಹೆಂಗಣ್ಣಾ?”

ಸುಲಭದ ಪ್ರಶ್ನೆಯಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಬಂದವರ ಹೆಸರು ಕೇಳೋ ಮುಂಚೆ ನೀರಿನ ತಂಬಿಗೆ ಕೊಡ್ತಾರೆ. ಅದೇ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು, ಬಂದವನನ್ನು ಯಾರವನೆಂದು ಕೇಳಿ ಹೊರಗಿಡಬೇಡಿ ಅಂದವರು. ಅಂಥ ನೆಲದ ಹುಡುಗನಿಗೆ ‘ಮೊದಲು ಅನುಮಾನಿಸು’ ಅಂತ ಕಲಿಸೋದು ಸರೀನಾ?

ನನಗನ್ನಿಸೋದು, ಇವು ಎರಡು ಬೇರೆ ಪ್ರಶ್ನೆಗಳು. ಜಾತಿ ಕೇಳಿ ಬಾಗಿಲು ಹಾಕೋದು ಒಂದು. ಬೀಗದ ಕೈ ಕೇಳಿದವನ ಗುರುತು ಕೇಳೋದು ಇನ್ನೊಂದು. ಬಸವಣ್ಣನವರು ಬಿಜ್ಜಳನ ಭಂಡಾರಿಯೂ ಆಗಿದ್ದವರು. ಬೊಕ್ಕಸದ ಕೀಲಿಯನ್ನು ದಾರಿಹೋಕರ ಕೈಗೆ ಕೊಟ್ಟಿರಲಾರರು. ಇಂಡಿ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಆದರೂ ಕೊಳ್ಳುವವನು ಚೀಲದೊಳಗೆ ಕೈ ಹಾಕಿ ನಾಲ್ಕು ಕಾಯಿ ತೆಗೆದು ನೋಡ್ತಾನೆ. ರೈತನಿಗೆ ಅದರಿಂದ ಅವಮಾನವಾಗಲ್ಲ. ನೋಡಬೇಡ ಅನ್ನೋ ಮಾರಾಟಗಾರನ ಮೇಲೇ ಎಲ್ಲರಿಗೂ ಅನುಮಾನ. ‘ಸಂಜೆ ಆರರೊಳಗೆ’ ಅನ್ನೋದರ ಅರ್ಥವೂ ಅದೇ: ನೋಡಬೇಡ.

ಮುದ್ದೇಬಿಹಾಳದ ನಮ್ಮ ಅತ್ತಿ ಇದನ್ನ ಯಾರಿಂದಲೂ ಕಲಿತವಳಲ್ಲ. ಕೆವೈಸಿ ಮಾಡದಿದ್ದರೆ ಖಾತೆ ಬಂದ್ ಅಂತ ಮೆಸೇಜ್ ಬಂದಾಗ ಲಿಂಕ್ ಮುಟ್ಟಲಿಲ್ಲ, ಪಾಸ್‌ಬುಕ್ ಹಿಡಿದು ಬಸ್ ಹತ್ತಿದಳು. ಮನೆಯ ಹುಡುಗರು ನಕ್ಕರು. ಅರ್ಧ ದಿನ ಹೋಯ್ತು, ನಿಜ. ಆದರೆ ಅವಳು ಮಾಡಿದ್ದೇ ಸರಿ: ಕಾಗದ ತಂದವನು ತೋರಿಸಿದ ದಾರಿ ಬಿಟ್ಟು, ತನಗೆ ಗೊತ್ತಿರೋ ಬಾಗಿಲಿಗೆ ಹೋಗಿ ಕೇಳಿದಳು. ನಾವು ಬಸ್ ಹತ್ತಬೇಕಿಲ್ಲ. ಕಂಪನಿಯ ವಿಳಾಸವನ್ನ ನಾವೇ ಟೈಪ್ ಮಾಡಿದರೆ ಸಾಕು. ಲಿಂಕನ್ನೇ ಓದಬೇಕಾದರೆ, ‘ಎಚ್‌ಟಿಟಿಪಿಎಸ್’ ಆದಮೇಲಿನ ಮೊದಲ ಒಂಟಿ ಓರೆಗೆರೆಯ ಹಿಂದೆ ಏನಿದೆ ನೋಡಿ. ಮನೆ ಯಜಮಾನ ಅಲ್ಲಿರ್ತಾನೆ. ಅದಕ್ಕೂ ಮೊದಲು ಬ್ಯಾಂಕಿನ ಹೆಸರು ಎಷ್ಟು ಸಲ ಬಂದರೂ ಅದು ಬರೀ ಬಣ್ಣ. ಬೀಗದ ಚಿತ್ರವೂ ಅಷ್ಟೇ, ದಾರಿ ಭದ್ರ ಅನ್ನುತ್ತೆ, ಮನೆಯವನು ಒಳ್ಳೆಯವನು ಅನ್ನಲ್ಲ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದ್ದು ಈ ಗುರುತಿಗಾಗಿಯೇ.

ಇದು ಹಳ್ಳಿಯವರ ಕಷ್ಟ ಅಂದುಕೊಳ್ಳೋ ಬೆಂಗಳೂರಿನ ಗೆಳೆಯರಿಗೆ ಒಂದು ಮಾತು. 2016ರಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಹೋಯ್ತಲ್ಲ, ಅಮೆರಿಕದ ತನಿಖೆ ಪ್ರಕಾರ ಕಳ್ಳರು ಮೊದಲು ಕಳಿಸಿದ್ದು ಕೆಲಸ ಕೇಳುವ ಈಮೇಲ್, ಒಳಗೆ ರೆಸ್ಯೂಮೆ ಲಿಂಕ್. ಒತ್ತಿದವರು ಬ್ಯಾಂಕಿನವರೇ. ಕೆಲಸ ಹುಡುಕೋ ಹುಡುಗನಿಗೆ ಬಲಿ ಬೀಳಬಾರದು ಅಂದರೆ ಅವರು ಪ್ರತಿ ಅರ್ಜಿಯನ್ನೂ ಕಸದ ಬುಟ್ಟಿಗೆ ಹಾಕಬೇಕಿತ್ತಾ? ಕಳ್ಳ ದುಡ್ಡಿನ ಜೊತೆ ನಿಜವಾದ ಅರ್ಜಿದಾರನ ಮಾತಿನ ಬೆಲೆಯನ್ನೂ ಕದೀತಾನೆ. ಆ ಸಿಟ್ಟು ಕಳ್ಳನ ಮೇಲಿರಲಿ, ಒತ್ತಿದವರ ಮೇಲೆ ಬೇಡ. ‘ಓದಿದವಳಾಗಿ ಹಿಂಗ ಮಾಡಿದ್ಯಾ’ ಅನ್ನೋ ಮನೆಯಲ್ಲಿ ಯಾರೂ ಬಾಯಿ ಬಿಡಲ್ಲ. 1930ಕ್ಕೆ ಕೂಡಲೇ ಫೋನ್ ಮಾಡಿದರೆ ಹಣ ತಡೆಯೋ ದಾರಿ ಇರುತ್ತೆ. ಮರ್ಯಾದೆಗೆ ಅಂಜಿ ಎರಡು ದಿನ ಸುಮ್ಮನಿದ್ದರೆ ಅದು ನಾಲ್ಕಾರು ಖಾತೆ ದಾಟಿರುತ್ತೆ.