ಗುಟ್ಟು ಯಾರ ಸಲುವಾಗಿ?

ಆವನಿ ಬೆಟ್ಟದ ಮೇಲಿನ ಸೀತಮ್ಮನ ಗುಡಿಗೆ ಮಕ್ಕಳಿಲ್ಲದ ಹೆಂಗಸರು ಹರಕೆ ಹೊತ್ತು ಹೋಗುವುದು ನಮ್ಮ ಮುಳಬಾಗಿಲು ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಎಂಬುದು ಊರಿನ ನಂಬಿಕೆ. ಮಗು ಬೇಕೆಂದು ಬೆಟ್ಟ ಹತ್ತುವ ನಾವು, ಅದೇ ಮಗುವಿನ ಮನಸ್ಸು ಕುಗ್ಗಿದಾಗ ಆಸ್ಪತ್ರೆಯ ನಾಲ್ಕು ಮೆಟ್ಟಿಲು ಹತ್ತಲು ಏಕೆ ಹಿಂಜರಿಯುತ್ತೇವೆ?

ಪಾಠ ಹೇಳುವವರ ಕಣ್ಣಿಗೆ ಇಂಥ ಮಕ್ಕಳು ಬೀಳುತ್ತಲೇ ಇರುತ್ತಾರೆ. ಸ್ಕೂಲಿನ ದಿನ ಮಾತ್ರ ಹೊಟ್ಟೆನೋವು ಎನ್ನುವವನು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾದವಳು, ವಾರಗಟ್ಟಲೆ ನಿದ್ದೆ, ಊಟ, ಗೆಳತಿಯರು ಎಲ್ಲವನ್ನೂ ಬಿಟ್ಟು ಮೂಲೆ ಹಿಡಿದವಳು. ತಾಯಿಯನ್ನು ಕರೆಸಿ ಹೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ಟೀಚರಮ್ಮ, ಯಾರಿಗಾದ್ರೂ ಗೊತ್ತಾದ್ರೆ ನಾಳೆ ಇವಳನ್ನ ಯಾರು ಮಾಡ್ಕೋತಾರೆ?” ದೃಷ್ಟಿ ತೆಗೆಸಿ, ತಾಯತ ಕಟ್ಟಿಸಿ ಸುಮ್ಮನಾಗುತ್ತಾರೆ.

ಈ ಭಯವನ್ನು ನಾನು ನಗಲಾರೆ. ಸಣ್ಣ ಊರಿನಲ್ಲಿ ಮಾತು ಬಸ್ಸಿಗಿಂತ ಮುಂಚೆ ಊರು ಸೇರುತ್ತದೆ. ಒಂದು ಮಾತಿನಿಂದ ಕೂಡಿಬಂದ ಸಂಬಂಧ ಮುರಿದದ್ದೂ ಉಂಟು. ಮುಚ್ಚಿಡುವ ತಾಯಿ ಮಗಳನ್ನು ಕಾಪಾಡುತ್ತಿದ್ದೇನೆಂದೇ ತಿಳಿದಿರುತ್ತಾಳೆ. ಆದರೆ ಗುಟ್ಟಿನಲ್ಲಿ ಎರಡು ಬಗೆಯಿದೆ. ಬೀದಿಯವರಿಂದ ಮುಚ್ಚಿಡುವುದು ಒಂದು. ವಾಸಿ ಮಾಡಬಲ್ಲವರಿಂದಲೂ ಮುಚ್ಚಿಡುವುದು ಇನ್ನೊಂದು. ಮೊದಲನೆಯದು ಮಗುವಿನ ಸಲುವಾಗಿ. ಎರಡನೆಯದು ನಮ್ಮ ಮರ್ಯಾದೆಯ ಸಲುವಾಗಿ, ಅದರ ಬೆಲೆ ತೆರುವುದು ಮಾತ್ರ ಮಗು. ನೋವು ತಿನ್ನುವವರೊಬ್ಬರು, ಗೌರವ ಉಳಿಸಿಕೊಳ್ಳುವವರು ಇನ್ನೊಬ್ಬರು ಎಂದಾದರೆ ಅದನ್ನು ಪ್ರೀತಿ ಎನ್ನುವುದು ಹೇಗೆ?

ಸೀತೆಯನ್ನು ಕಾಡಿಗೆ ಕಳಿಸಿದ್ದು ಅವಳ ತಪ್ಪಲ್ಲ, ಲೋಕಾಪವಾದ. ಆ ಕಥೆ ಕೇಳಿ ಕಣ್ಣೀರಿಡುವ ನಾವೇ ‘ನಾಲ್ಕು ಜನ ಏನಂತಾರೆ’ ಎಂದು ಮಕ್ಕಳನ್ನು ಒಂಟಿಯಾಗಿ ಬಿಡುತ್ತೇವೆ. ಋಷಿ ಮಾತ್ರ ಜನ ಏನೆಂದಾರು ಎಂದು ನೋಡದೆ ನೆರಳು ಕೊಟ್ಟ.

ನೆರಳು ಈಗ ಮೊದಲಿನಷ್ಟು ದೂರವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1974ರಿಂದಲೂ ಇದೆ. ಅಲ್ಲಿ ಮಕ್ಕಳಿಗೆಂದೇ ಮನೋವೈದ್ಯ ವಿಭಾಗವಿದೆ. ಆದರೆ ಕೂಲಿ ಬಿಟ್ಟು ಅಷ್ಟು ದೂರ ಹೋಗುವುದು ಎಲ್ಲರಿಗೂ ಆಗದು. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಡೆಸಿದ ಪ್ರಯೋಗವೇ ಮಾದರಿಯಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಆದ್ದರಿಂದ ಮೊದಲು ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಕೇಳಿಕೊಳ್ಳಬಹುದು. ಅದೂ ಆಗದಿದ್ದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ. ಮಗು ‘ಸಾಯಬೇಕು’ ಎಂದು ಬಾಯಿ ಬಿಟ್ಟರೆ ಮಾತ್ರ ಒಂಟಿಯಾಗಿ ಬಿಡದೆ ಅಂದೇ ಕರೆದೊಯ್ಯಬೇಕು.

ಅಲ್ಲಿ ಮೊದಲ ದಿನ ಆಗುವುದು ಬಹುಪಾಲು ಮಾತುಕತೆ. ಹೆರಿಗೆ ಹೇಗಾಯಿತು, ನಿದ್ದೆ ಹೇಗೆ, ಓದು ಹೇಗೆ, ಮನೆಯಲ್ಲಿ ಜಗಳ, ಕುಡಿತ ಉಂಟೇ ಎಂದು ಕೇಳುತ್ತಾರೆ. ಮಗುವಿನೊಡನೆ ಬೇರೆಯಾಗಿಯೂ ಮಾತನಾಡುತ್ತಾರೆ. ಎಲ್ಲರಿಗೂ ಮಾತ್ರೆ ಬರೆಯುವುದಿಲ್ಲ. ಎಷ್ಟೋ ಸಲ ಬದಲಾಗಬೇಕಾದದ್ದು ಮನೆಯೇ ಆಗಿರುತ್ತದೆ. ನಾವು ಹೆದರುವುದು ಇದಕ್ಕೂ ಇರಬಹುದು. ಗುಟ್ಟಿನ ಚಿಂತೆಯಿದ್ದವರು ಇದನ್ನು ತಿಳಿದಿರಲಿ: ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಚಿಕಿತ್ಸೆಯ ವಿಷಯ ಹೊರಗೆ ಹೋಗಬಾರದೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು.

ಊರಿಗೆ ಹೇಳಿಕೊಂಡು ತಿರುಗಿ ಎಂದು ನಾನು ಯಾವ ತಾಯಿಗೂ ಹೇಳಲಾರೆ. ಬಸ್ಸಿನಲ್ಲಿ ಯಾರಾದರೂ ಸಿಕ್ಕಿ ‘ಎಲ್ಲಿಗೆ?’ ಎಂದರೆ ‘ಕೋಲಾರದಲ್ಲಿ ಸ್ವಲ್ಪ ಕೆಲಸವಿತ್ತು’ ಎನ್ನಿ, ಸಾಕು. ಅದು ಸುಳ್ಳೂ ಅಲ್ಲ. ಅದಕ್ಕಿಂತ ದೊಡ್ಡ ಕೆಲಸ ಆ ದಿನ ಬೇರೆ ಇರುವುದಿಲ್ಲ.