ಹಿಟ್ಟಿನ ಹುಂಜ ಮತ್ತು ಏಳು ಇಂಚಿನ ಪರದೆ

ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗನಿಗೆ ಕೈಯಲ್ಲಿ ಹಿಡಿದು ಆಡುವ ಕಂಪ್ಯೂಟರ್ ಬೇಕಂತೆ. ಕಾರ್ಕಳಕ್ಕೆ ಬರುವ ರಾತ್ರಿ ಬಸ್ಸಿನಲ್ಲಿ ಗೇಮ್ ಆಡಬೇಕು, ಸಿನಿಮಾನೂ ನೋಡಬೇಕು. "ಸ್ಟೀಮ್ ಡೆಕ್ ತಗೊಳ್ಳಲೋ, ಆರ್‌ಒಜಿ ಅಲೈ ತಗೊಳ್ಳಲೋ ಮಾವ?" ಎಂದು ಕೇಳಿದ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ಲೆಕ್ಕ ಸಿಕ್ಕಿದರೆ ಬಿಡುವ ಜಾತಿಯಲ್ಲ.

ವಾಲ್ವ್ ಕಂಪನಿಯ ಡೆಕ್ಕಿನಲ್ಲಿ 2023ರಲ್ಲಿ ಬಂದ ಒಎಲ್‌ಇಡಿ ಮಾದರಿಗೆ 7.4 ಇಂಚಿನ ಪರದೆ, 50 ವಾಟ್-ಅವರ್ ಬ್ಯಾಟರಿ. ಕಪ್ಪು ಬಣ್ಣ ನಿಜಕ್ಕೂ ಕಪ್ಪಾಗಿ ಕಾಣುವುದು ಅದರಲ್ಲೇ. ಆದರೆ ಪರದೆಯ ಅಳತೆ 16:10. ಈಗಿನ ವಿಡಿಯೊಗಳದ್ದು ಸಾಮಾನ್ಯವಾಗಿ 16:9, ಹಾಗಾಗಿ ಮೇಲೂ ಕೆಳಗೂ ಪಟ್ಟಿ ಬೀಳುತ್ತದೆ. ಅದೇ ವರ್ಷ ಭಾರತಕ್ಕೆ 69,990 ರೂಪಾಯಿಗೆ ಬಂದ ಆಸುಸ್‌ನ ಅಲೈ 7 ಇಂಚಿನದು, ಸರಿಯಾಗಿ 16:9, ಒಳಗೆ ವಿಂಡೋಸ್. ಬ್ಯಾಟರಿ ಮಾತ್ರ 40. ದೊಡ್ಡ ಗೇಮೊಂದು 20 ವಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಎರಡೇ ಗಂಟೆ. ಬಸ್ಸು ಆಗಿನ್ನೂ ಹಾಸನ ಮುಟ್ಟಿರುವುದಿಲ್ಲ.

ಲೆಕ್ಕ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅವನು ಆಡಬೇಕೆಂದಿದ್ದ ಗೇಮುಗಳನ್ನು ಫೋನಿನಲ್ಲಿ ತೋರಿಸಿದ. ಎಲ್ಲದರಲ್ಲೂ ಕೊಲೆಯೇ. ನನ್ನ ಮುಖ ನೋಡಿ, "ಸತ್ತವರು ಯಾರೂ ಇಲ್ಲವಲ್ಲ ಮಾವ" ಎಂದ. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಜೈನ ಮನೆ ನಮ್ಮದು. ಇಲ್ಲಿಗೆ ಬಂದಾಗ ಅವನೂ ತಪ್ಪಿಸುವುದಿಲ್ಲ. ಆದ್ದರಿಂದ ಆ ಮಾತನ್ನು ತಮಾಷೆ ಎಂದು ಬಿಡಲಾಗಲಿಲ್ಲ.

ಯಾರೂ ಸಾಯದಿದ್ದರೆ ಅದು ಹಿಂಸೆಯೇ ಎಂಬ ಪ್ರಶ್ನೆಯನ್ನು ಕವಿ ಜನ್ನ 1209ರಲ್ಲೇ ಕನ್ನಡದಲ್ಲಿ ಎತ್ತಿಕೊಂಡಿದ್ದಾನೆ. 'ಯಶೋಧರ ಚರಿತೆ'ಯ ರಾಜ ಜೀವಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿಯೂ ಪಟ್ಟು ಸಡಿಲಿಸುವುದಿಲ್ಲ. ಕೊನೆಗೆ ನಡುದಾರಿಯೊಂದು ಸಿಗುತ್ತದೆ: ಹಿಟ್ಟಿನ ಹುಂಜ. ಅದಕ್ಕೆ ರಕ್ತವಿಲ್ಲ, ಪ್ರಾಣವಿಲ್ಲ. ಆದರೂ ಕತ್ತಿ ಬಿದ್ದಾಗ ಅದು ಕೂಗುತ್ತದೆ. ತಾಯಿ ಮಗ ಇಬ್ಬರೂ ಮುಂದೆ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಅಷ್ಟು ಘೋರ ಶಿಕ್ಷೆ ಯಾಕೆ ಎಂದು ಹುಡುಗನಾಗಿದ್ದಾಗ ನನಗೆ ಸಿಟ್ಟೇ ಬರುತ್ತಿತ್ತು. ಪರದೆಯ ಮೇಲೆ ಗುಂಡು ತಗುಲಿದವನು ಚೀರುವುದನ್ನೂ, ಆ ಕ್ಷಣಕ್ಕೆ ಯಂತ್ರ ಅಂಗೈಯಲ್ಲಿ ನಡುಗುವುದನ್ನೂ ಕಂಡಮೇಲೆ ಜನ್ನ ಆ ಹುಂಜದಿಂದ ಕೂಗಿಸಿದ್ದು ಯಾಕೆಂದು ಸ್ವಲ್ಪ ತಿಳಿದಂತಾಯಿತು. ಕಡಿದವನಿಗೆ ಕೂಗು ಬೇಕಾಗಿರುತ್ತದೆ.

ಪ್ರಾಣ ಹೋಗದೆ ಹಿಂಸೆ ಹೇಗೆ ಎಂದು ವಾದಿಸಬಹುದು. ತತ್ವಾರ್ಥಸೂತ್ರಕ್ಕೆ ಪೂಜ್ಯಪಾದರು ಬರೆದ ವ್ಯಾಖ್ಯಾನ 'ಸರ್ವಾರ್ಥಸಿದ್ಧಿ'ಯಲ್ಲಿ ಇದಕ್ಕೆ ಉತ್ತರವಿದೆ: ಪ್ರಮಾದಕ್ಕೆ, ಅಂದರೆ ಎಚ್ಚರಗೇಡಿತನಕ್ಕೆ, ಒಳಗಾದವನು ಮೊದಲು ನೋಯಿಸುವುದು ತನ್ನ ಆತ್ಮವನ್ನೇ, ಎದುರಿನ ಜೀವ ಆಮೇಲೆ ಸಾಯಲೂಬಹುದು, ಸಾಯದೆಯೂ ಇರಬಹುದು. ಇದನ್ನೊಪ್ಪಿದರೆ ಅಳಿಯನ ಸಮಾಧಾನ ನಿಲ್ಲುವುದಿಲ್ಲ. ಹಾಗೆಂದು ಗೇಮ್ ಆಡುವವರೆಲ್ಲ ಕೊಲೆಗಡುಕರು ಎನ್ನುವ ಮೂರ್ಖತನವೂ ನನಗೆ ಬೇಡ. ಚುರುಕಾಗಿ ಗುರಿ ಹಿಡಿಯುವುದರ ಖುಷಿಯೇ ಬೇರೆ, ಸಾಯಿಸುವ ಖುಷಿಯೇ ಬೇರೆ. ಯಾವುದು ಎಷ್ಟಿದೆ ಎಂಬುದು ಆಡುವವನಿಗಷ್ಟೇ ಗೊತ್ತು.

"ಹಾಗಾದರೆ ಸಿನಿಮಾ ಮಾತ್ರ ನೋಡುತ್ತೇನೆ, ಅದರಲ್ಲಿ ನಾನೇನೂ ಮಾಡುವುದಿಲ್ಲವಲ್ಲ" ಎಂದ. ಜಾಣ. ಆದರೆ ನಮ್ಮವರು ಆ ಬಾಗಿಲನ್ನೂ ಮುಚ್ಚಿಟ್ಟಿದ್ದಾರೆ. ಕೃತ, ಕಾರಿತ, ಅನುಮೋದಿತ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದವನಿಗೆ ಭೇಷ್ ಎಂದದ್ದು, ಮೂರರಿಂದಲೂ ಕರ್ಮ ಅಂಟುತ್ತದೆ. ನಾಯಕ ನೂರು ಜನರನ್ನು ಕಡಿಯುವಾಗ ಸೀಟಿನಲ್ಲಿ ಕೂತು ಶಿಳ್ಳೆ ಹೊಡೆಯುವವನದು ಮೂರನೆಯದು. ಗೇಮಿನಲ್ಲಾದರೂ ಹೆಬ್ಬೆರಳು ಎತ್ತಿ ನಿಲ್ಲಿಸಬಹುದು; ಸಿನಿಮಾದಲ್ಲಿ ಆ ಅವಕಾಶವೂ ಇಲ್ಲ. ನಿಲ್ಲಿಸುವ ಅವಕಾಶವನ್ನೇ ಆಟವಾಗಿಸಿದ ಗೇಮೂ ಇದೆ: 2015ರ 'ಅಂಡರ್‌ಟೇಲ್'. ಒಬ್ಬರನ್ನೂ ಕೊಲ್ಲದೆ ಅದನ್ನು ಕೊನೆಯವರೆಗೆ ಆಡಬಹುದು. ಬೇಸಾಯದ 'ಸ್ಟಾರ್‌ಡ್ಯೂ ವ್ಯಾಲಿ'ಯೂ ಸೌಮ್ಯವೇ, ಆದರೆ ಅಲ್ಲಿ ಮೀನು ಹಿಡಿಯುತ್ತಾರೆ. (ಇದನ್ನು ಹೇಳಿದಾಗ ತಂಗಿ ಒಳಗಿನಿಂದಲೇ ನಕ್ಕಳು.)

ಇಂಥ ಸಣ್ಣ ಗೇಮುಗಳಿಗೆ 8 ವಾಟ್ ಸಾಕೆಂದರೆ ಅಲೈ ಐದು ಗಂಟೆ ಬರುತ್ತದೆ. ಅಂದರೆ ಯಂತ್ರ ಆರಿಸುವ ಮೊದಲು ಅದರಲ್ಲಿ ಏನಿರಬೇಕು ಎಂಬುದಕ್ಕೆ ಮಿತಿ ಹಾಕಿಕೊಳ್ಳಬೇಕು. ಶ್ರಾವಕನ, ಅಂದರೆ ಗೃಹಸ್ಥನ, ವ್ರತಗಳಲ್ಲಿ ಭೋಗೋಪಭೋಗ ಪರಿಮಾಣ ಎನ್ನುವುದು ಇದನ್ನೇ. ಜೀವನಪೂರ್ತಿ ಹಿಡಿದರೆ ಅದು ಯಮ, ಅವಧಿ ಗೊತ್ತುಮಾಡಿ ಹಿಡಿದರೆ ನಿಯಮ. ಇಪ್ಪತ್ತಾರರ ಹುಡುಗನಿಂದ ಯಮ ಕೇಳುವಷ್ಟು ಕಠಿಣ ನಾನಲ್ಲ.

ಅಲೈ ತೆಗೆದುಕೋ ಎಂದೆ. ವಿಡಿಯೊಗೆ ಪರದೆ ಸರಿಹೊಂದುತ್ತದೆ, ಕೆಟ್ಟರೆ ಇಲ್ಲೇ ರಿಪೇರಿಗೆ ಕೊಡಬಹುದು. ಕೊಂದು ಗೆಲ್ಲುವ ಗೇಮನ್ನು ಈ ದಶಲಕ್ಷಣ ಪರ್ವದ ಹತ್ತು ದಿನ ಮುಟ್ಟಬೇಡ. ಆಮೇಲೂ ಆಡಬೇಕೆನಿಸಿದರೆ ನನ್ನನ್ನು ಕೇಳಬೇಡ, ನೀನೇ ತೀರ್ಮಾನಿಸು.